ಹತ್ತಿ ಪೇಟೆಯ ಮೌನಿ

1979ರ ಡಿಸೆಂಬರಿನ ಒಂದು ಮಂಗಳವಾರ ಸಂಜೆ, ಆದೋನಿಯ ಅಂಚೆ ಕಚೇರಿಯ ಟ್ರಂಕ್ ಕಾಲ್ ಪೆಟ್ಟಿಗೆಯೊಳಗೆ ನಿಂತು ಆ ದಿನದ ಹತ್ತಿ ದರ ಓದುತ್ತಿದ್ದಾಗ ನನ್ನ ದನಿ ನಿಂತುಹೋಯಿತು. ಹಿಂದಿನ ಕೆಲವು ವಾರಗಳಿಂದ ಅದು ಒಡೆಯುತ್ತಿತ್ತು. ಆ ಸಂಜೆ ತುಟಿ ಆಡಿತು, ಉಸಿರು ಹೋಯಿತು, ಸದ್ದು ಬರಲಿಲ್ಲ. ಆ ತುದಿಯಲ್ಲಿದ್ದ ಉಪಸಂಪಾದಕ "ಹಲೋ, ಹಲೋ" ಎಂದು ಕೂಗಿ, "ಆದೋನಿ ಲೈನ್ ಕಟ್ ಆತು ನೋಡ್ರಿ" ಎಂದು ಯಾರಿಗೋ ಹೇಳಿ ಫೋನು ಇಟ್ಟ. ಲೈನು ಚೆನ್ನಾಗಿಯೇ ಇತ್ತು. ಮರುದಿನದ ಪತ್ರಿಕೆಯಲ್ಲಿ ಆದೋನಿ ದರದ ಜಾಗದಲ್ಲಿ ಹಲ್ಲುಪುಡಿಯ ಜಾಹೀರಾತು ಬಂದಿತ್ತು.

ನಾನು ಗಡಿಯಾಚೆ ಅಚ್ಚಾಗುವ ಒಂದು ಕನ್ನಡ ದಿನಪತ್ರಿಕೆಯ ಆದೋನಿ ವರದಿಗಾರ. ಊರಿನ ಕಚೇರಿಗಳಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ. ಇಂಥ ಊರು ಆ ಪತ್ರಿಕೆಗೆ ಬೇಕಾಗಿದ್ದುದು ಒಂದೇ ಕಾರಣಕ್ಕೆ, ಹತ್ತಿಗೆ. ಉಳಿದ ಸುದ್ದಿಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ದರವನ್ನು ಮಾತ್ರ ಅದೇ ಸಂಜೆ ಬಾಯಿಂದ ಹೇಳಬೇಕು. ದರ ಹೇಳಲಾಗದ ಆದೋನಿ ವರದಿಗಾರ ಅವರ ಲೆಕ್ಕದಲ್ಲಿ ವರದಿಗಾರನೇ ಅಲ್ಲ. ಇದನ್ನು ನನಗೆ ತಿಳಿಸಲು ಪತ್ರಿಕೆಯ ಪ್ರಸಾರ ವಿಭಾಗದವನೊಬ್ಬ ಮನೆಗೆ ಬಂದ.

"ಸಂಪಾದಕ್ರು ಯುಗಾದಿ ತನಕ ತಡೀತೀನಿ ಅಂದಾರ್ರಿ ರಾಯರ" ಎಂದ. "ಆಮ್ಯಾಲೆ ಗೋನೆಗಂಡ್ಲದ ಲಾಯರ್ ಸಾಹೇಬ್ರು ಅದಾರಲ್ರಿ. ಅವರ ದನಿ ಏನ್ ಐತ್ರಿ! ಕೋರ್ಟಿನ್ಯಾಗ ಮಾತಾಡಿದ್ರ ಬಸ್ ಸ್ಟ್ಯಾಂಡಿಗೆ ಕೇಳ್ತೈತಿ."

ಆ ಲಾಯರಿಗೆ ಬೀಜ ಬಿಡಿಸದ ಹತ್ತಿಗೂ ಬಿಡಿಸಿದ ಅರಳೆಗೂ ಇರುವ ವ್ಯತ್ಯಾಸ ತಿಳಿಯದು. ಅದನ್ನು ಹೇಳಲು ನನಗೆ ದನಿ ಇರಲಿಲ್ಲ.

ದನಿ ಹೋದವನಿಗೆ ಆದೋನಿಯಲ್ಲಿ ತಜ್ಞರ ಕೊರತೆ ಇರಲಿಲ್ಲ. ಪರೀಕ್ಷೆ ಪಾಸು ಮಾಡದೆ ಈ ಊರಿನಲ್ಲಿ ಕಂಪೌಂಡರ್ ಆಗುವುದು ಕಷ್ಟ. ಗಂಟಲಿನ ಪಂಡಿತನಾಗಲು ಮಾತ್ರ ಸ್ವಂತಕ್ಕೊಂದು ಗಂಟಲಿದ್ದರೆ ಸಾಕು. ಸಂಗೀತದ ಮೇಷ್ಟರೊಬ್ಬರು ಬೆಳಗಿನ ತಣ್ಣೀರಿನಲ್ಲಿ ಕತ್ತಿನವರೆಗೆ ನಿಂತು ಷಡ್ಜ ಹಿಡಿ ಎಂದರು. ಹತ್ತಿಯ ಬೀಜ ಬಿಡಿಸುವ ಜಿನ್ನು ಮಿಲ್ಲಿನ ಗುಮಾಸ್ತರೊಬ್ಬರು ಹಸಿ ಮೆಣಸಿನಕಾಯಿ ಅಗಿ ಎಂದರು. ಎಲ್ಲರಿಗಿಂತ ಮೇಲಿನ ತಜ್ಞರು ನಮ್ಮ ಮನೆಯಲ್ಲೇ ಇದ್ದರು. ಅವರು ನನ್ನ ತಾಯಿಯ ತಮ್ಮ ಶ್ರೀಪಾದಮಾವ, ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ನಮ್ಮ ಮುಂಗೋಣೆಯಲ್ಲಿ ನೆಲೆಸಿದ್ದವರು. ಯಾವ ವಿಷಯದಲ್ಲಾದರೂ ಅವರು 'ಗೊತ್ತಿಲ್ಲ' ಎಂದದ್ದನ್ನು ನಾನು ಕೇಳಿಲ್ಲ.

"ನಿನ್ನ ದನಿ ದಣದದ ವೆಂಕೋಬಾ" ಎಂದರು ಮಾವ. "ದಣದ ಎತ್ತಿಗೆ ಏನ್ಮಾಡ್ತಾರ? ಖಾಲಿ ಬಂಡಿ ಕಟ್ತಾರ. ನೀನೂ ಪಿಸುಪಿಸು ಮಾತಾಡು. ಭಾರ ಇರೂದಿಲ್ಲ. ದಿನಾ ಮೆಣಸಿನ ಕಷಾಯ ಕುಡಿ. ಗಂಟಲಾಗ ಏನರೆ ಕೂತದ ಅನಿಸಿದ್ರ ಜೋರಾಗಿ ಕ್ಯಾಕರಿಸಿ ಕಿತ್ತೊಗಿ."

ಮಾತು ನ್ಯಾಯವಾಗಿ ಕಂಡಿತು. ಮೂರ್ಖ ಸಲಹೆಗಳಲ್ಲಿ ಹೆಚ್ಚು ಹಾನಿ ಮಾಡುವವು ನ್ಯಾಯವಾಗಿ ಕಾಣುವಂಥವೇ. ನಾನು ಪಿಸುಗುಟ್ಟತೊಡಗಿದೆ. ಪಿಸುಮಾತು ಅಂಟುರೋಗ. "ನೀರು" ಎಂದು ನಾನು ಪಿಸುಗುಟ್ಟಿದರೆ, "ಬಿಸೀವೋ ತಣ್ಣಗಿನವೋ?" ಎಂದು ನನ್ನ ಹೆಂಡತಿ ಪದ್ಮಾ ಪಿಸುಗುಟ್ಟುತ್ತಿದ್ದಳು. ಮಾವ ಪಿಸುಮಾತಿನಲ್ಲಿ ಪಂಚಾಂಗ ಓದಿದರು. ಹಾಲು ಹಾಕುವವಳು ಬಾಗಿಲಲ್ಲಿ ನಿಂತು, "ಅಮ್ಮಾ, ಲೋಪಲ ಎವರಿಕೈನಾ ಬಾಗಲೇದಾ?" ಎಂದು, ಒಳಗೆ ಯಾರಿಗೆ ಹುಷಾರಿಲ್ಲವೆಂದು, ಪಿಸುಗುಟ್ಟಿಯೇ ಕೇಳಿದಳು. ಸುದ್ದಿ ಹಬ್ಬಿ, ಎಮ್ಮಿಗನೂರಿನಿಂದ ನಮ್ಮ ದೂರದ ನೆಂಟರಿಬ್ಬರು ಅಳಲು ಸಿದ್ಧರಾಗಿ ಬಂದರು. ನಾನು ಕಟ್ಟೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದುದನ್ನು ಕಂಡು ಅವರಿಗೆ ಬೇಸರವಾಯಿತು.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಪಿಸುಮಾತೂ ಒಡೆಯತೊಡಗಿತು. ಆಗ ಮನೆಯಲ್ಲಿ ಒಂದು ಹೆಸರನ್ನು ಯಾರೂ ಎತ್ತದೆ ದಿನ ತಳ್ಳಿದರು. 'ಆ ರೋಗ' ಎನ್ನುತ್ತಿದ್ದರು, ನಾನು ಒಳಗೆ ಬಂದರೆ ಅದನ್ನೂ ನಿಲ್ಲಿಸುತ್ತಿದ್ದರು. ನಾನು ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳುತ್ತಿದ್ದೆ. ಅಲ್ಲಿ ನಾಲಿಗೆ ಕಾಣುತ್ತಿತ್ತು, ಅಷ್ಟೇ.

"ಬಳ್ಳಾರಿಗೆ ಹೋಗೋಣ" ಎಂದಳು ಪದ್ಮಾ. ಪೂರ್ತಿ ದನಿಯಲ್ಲಿ ಅಂದಳು. ಆ ದಿನದಿಂದ ಅವಳು ಪಿಸುಗುಟ್ಟುವುದನ್ನು ಬಿಟ್ಟಳು.

"ಬಳ್ಳಾರಿ ಡಾಕ್ಟ್ರು ಏನ್ಮಾಡ್ತಾರ? ಕೊಯ್ತಾರ" ಎಂದು ಮಾವ ಪಿಸುಗುಟ್ಟಿದರು.

"ಕೊಯ್ಯಲಿ. ನಿಮ್ಮ ಮೆಣಸಿನ ಕಷಾಯ ಕುಡದು ಕುಡದು ಒಳಗ ಏನುಳದದ ಕೊಯ್ಯಾಕ?"

ಬಳ್ಳಾರಿಯ ಕಿವಿ-ಗಂಟಲು ವೈದ್ಯರ ಕಾಯುವ ಕೋಣೆಯಲ್ಲಿ ಗೋಡೆಗುಂಟ ಬೆಂಚುಗಳಿದ್ದವು. ಎದುರಿನ ಬೆಂಚಿನಲ್ಲಿ ಕುತ್ತಿಗೆಗೆ ಟವೆಲ್ ಸುತ್ತಿಕೊಂಡ ಒಬ್ಬರಿದ್ದರು. ಟವೆಲ್ ಜಾರಿದಾಗ ಕುತ್ತಿಗೆಯಲ್ಲಿ ಒಂದು ಲೋಹದ ಕೊಳವೆ ಕಂಡಿತು. ನಾನು ಬೇರೆ ಕಡೆ ನೋಡಿದೆ. ಅವರು ಕೊಳವೆಯ ಬಾಯಿಗೆ ಬೆರಳು ಒತ್ತಿ ನನ್ನನ್ನೇ ಕೇಳಿದರು: "ಬೀಡಿ ಸೇದ್ತಿದ್ರೇನು?"

ಇಲ್ಲವೆಂದು ತಲೆ ಆಡಿಸಿದೆ.

"ಹಂಗಾರ ಉಳೀತೀರಿ ತಗೋರಿ" ಎಂದರು. ಚೀಲದಿಂದ ಒಂದು ಕಿತ್ತಳೆ ತೆಗೆದು, ಸುಲಿದು, ಅರ್ಧ ಪದ್ಮಾಳ ಕೈಗೆ ಕೊಟ್ಟರು. ಆ ಮೂರು ತಿಂಗಳಲ್ಲಿ ನನಗೆ ಸಿಕ್ಕ ಅಭಿಪ್ರಾಯಗಳಲ್ಲಿ ಅನುಭವದಿಂದ ಬಂದದ್ದು ಅದೊಂದೇ. ಅವರ ಹೆಸರು ಕೇಳಲಿಲ್ಲ.

ವೈದ್ಯರು ಹಣೆಗೆ ಕನ್ನಡಿ ಕಟ್ಟಿಕೊಂಡು, ನನ್ನ ನಾಲಿಗೆಯನ್ನು ಬಟ್ಟೆಯಿಂದ ಹಿಡಿದೆಳೆದು, "ಈ ಅನ್ರಿ" ಎಂದರು. ಅವರು ನೋಡಿದ್ದು ನನ್ನ ಗಂಟಲನ್ನು ಮಾತ್ರ. ಹೊರಗೆ ಎದುರಾದರೆ ಅವರಿಗೆ ನನ್ನ ಗುರುತು ಸಿಗಲಾರದು. ಆಮೇಲೆ ಕೈ ತೊಳೆಯುತ್ತ, ನಲ್ಲಿಯ ಕಡೆ ಮುಖ ಮಾಡಿಯೇ ಹೇಳಿದರು: "ಕ್ಯಾನ್ಸರ್ ಅಲ್ಲ. ಗಂಟು. ದನಿ ಹೊರಡೋ ಪದರದ ಮೇಲೆ, ಎರಡೂ ಕಡೆ."

ಪದ್ಮಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ವೈದ್ಯರು ಅವಳನ್ನು ದಾಟಿಕೊಂಡು ಹೋಗಿ ಮುಂದಿನವರನ್ನು ಕರೆದರು. ಬಾಗಿಲಲ್ಲಿ ತಿರುಗಿ, "ಕೊಯ್ಯಬಹುದು. ಮತ್ತ ಹಿಂಗೇ ಕೂಗಿದ್ರ ಮತ್ತ ಬರ್ತಾವ. ಮೊದಲು ಹಿಂದಿನ ಕೋಣಿಗೆ ಹೋಗ್ರಿ" ಎಂದರು.

ಹಿಂದಿನ ಕೋಣೆಯಲ್ಲಿ ಕಮಲಾಕ್ಷಿ ಎಂಬವರಿದ್ದರು. ಮೈಸೂರಿನ ಕಡೆಯವರು, ಮಾತನ್ನು ತಿದ್ದುವ ಚಿಕಿತ್ಸೆ ಓದಿದವರು. ಬುಧವಾರಗಳಲ್ಲಿ ಅಲ್ಲಿ ಕೂರುತ್ತಿದ್ದರು. ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್ ಇತ್ತು. ನಾನು ಪಿಸುಮಾತಿನಲ್ಲಿ ನನ್ನ ವೃತ್ತಾಂತ ಶುರು ಮಾಡಿದ ಕೂಡಲೇ ಅವರು ಕೈ ಎತ್ತಿದರು.

"ಯಾರು ಹೇಳಿದ್ದು ನಿಮಗೆ ಪಿಸುಗುಟ್ಟೋಕೆ?"

"ಎಲ್ಲಾರೂ" ಎಂದಳು ಪದ್ಮಾ.

"ಎಲ್ರಿಗೂ ಗಂಟಲಿದೆ. ಗಂಟಲ ವಿಷಯದಲ್ಲಿ ಅವರಿಗೆ ಗೊತ್ತಿರೋದು ಅಷ್ಟೇ. ಹೀಗೆ ಹಿಂಡಿ ಹಿಂಡಿ ಪಿಸುಗುಟ್ಟೋದೂ ಕೂಗಾಟವೇ ಸ್ವಾಮಿ, ಸದ್ದು ಬರಲ್ಲ ಅಷ್ಟೇ." ನಾನು ಕ್ಯಾಕರಿಸಿದೆ. "ನೋಡಿ, ಬಾಗಿಲು ದಾಟಿದಾಗಿನಿಂದ ಅದೇ ಮಾಡ್ತಿದೀರ. ಅಲ್ಲಿ ಕಫ ಇಲ್ಲ. ಅದು ಚಟ. ಗಾಯಕ್ಕೆ ಗಾಯ ತಿಕ್ತಾ ಇದೀರ."

ಫೋನಿನಲ್ಲಿ ಹೇಗೆ ಮಾತಾಡುತ್ತೀರಿ, ನಿಂತು ತೋರಿಸಿ ಎಂದರು. ನಾನು ಕಿವಿಗೆ ಮುಷ್ಟಿ ಹಿಡಿದು ನಿಂತೆ. ಭುಜ ತಾನಾಗಿ ಮೇಲೇರಿತು, ಕತ್ತು ಮುಂದೆ ಚಾಚಿತು, ಉಸಿರು ಎದೆಯಲ್ಲಿ ಸಿಕ್ಕಿಕೊಂಡಿತು.

"ಹುಂಜ ಕೂಗೋವಾಗ ಹೀಗೇ ನಿಲ್ಲುತ್ತೆ" ಎಂದರು ಆಕೆ, ನಗದೆ. "ಹುಂಜಕ್ಕೆ ದಿನಕ್ಕೆ ಸ್ವಲ್ಪವೇ ಕೆಲಸ. ನಿಮಗೆ ಯಾರು ಕಲಿಸಿದ್ದು ಮಾತಾಡೋದನ್ನ?"

ಯಾರೂ ಅಲ್ಲ ಎಂದು ಕೈ ಆಡಿಸಿದೆ.

"ಗೊತ್ತಾಗುತ್ತೆ."

ಅವರ ಆಜ್ಞೆ ಎರಡು. ಮೊದಲನೆಯದು, ಅವರು ಹೇಳುವ ತನಕ ಪೂರ್ಣ ಮೌನ, ಪಿಸುಮಾತೂ ಕೂಡದು. ಎರಡನೆಯದು, ಕ್ಯಾಕರಿಸಬೇಕೆನಿಸಿದಾಗ ಬಾಯಿ ಮುಚ್ಚಿ, ಗದ್ದವನ್ನು ಎದೆಯ ಕಡೆ ಇಳಿಸಿ, ನಿಧಾನವಾಗಿ ಉಗುಳು ನುಂಗಬೇಕು. ಕಣ್ಣು ಮುಚ್ಚಿದರೂ ಆದೀತು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಮಾತಿನಿಂದಲೇ ಬದುಕಿದವನಿಗೆ ಉಗುಳು ನುಂಗುವುದನ್ನು ಹೇಳಿಕೊಟ್ಟರು. ನನಗೆ ಆಕೆ ಹಿಡಿಸಲಿಲ್ಲ. ಆಕೆಗೂ ನಾನು ಹಿಡಿಸಿದಂತೆ ಕಾಣಲಿಲ್ಲ. ಗೌರವ ನಂತರ ಬಂತು, ಪ್ರೀತಿ ಎಂದೂ ಬರಲಿಲ್ಲ. ಚಿಕಿತ್ಸೆಗೆ ಪ್ರೀತಿಯ ಅಗತ್ಯವಿಲ್ಲ ಎಂಬುದು ನಾನು ದಾಖಲಿಸಬಹುದಾದ ಒಂದು ಸಂಗತಿ.

ಮರಳುವಾಗ ಹಾಲಹರವಿಯಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಟಿಕೆಟ್ ಕೇಳಿದ. ನಾನು ಪದ್ಮಾಳನ್ನು ತೋರಿಸಿದೆ. "ಏಮಯ್ಯಾ, ಚೆವುಡಾ?" ಎಂದು, ಕಿವುಡನೇ ಎಂದು, ನನ್ನ ಕಿವಿಯಲ್ಲೇ ಕಿರುಚಿದ.

"ಚೆವುಡು ಕಾದು, ಕಿವುಡ ಅಲ್ಲ. ಡಾಕ್ಟ್ರು ಮಾತಾಡಬ್ಯಾಡ ಅಂದಾರ" ಎಂದಳು ಪದ್ಮಾ. "ನಿಮಗೂ ಒಂದೀಟು ಹೇಳಿದ್ರ ಛಲೋ ಇತ್ತು."

ಮನೆಯಲ್ಲಿ ಶ್ರೀಪಾದಮಾವ ವಿಷಯ ಕೇಳಿ ಪಂಚಾಂಗ ಮಡಚಿಟ್ಟರು. "ಗಂಟಲಾಗ ಗಂಟು ಅಂದ್ರ ಮಂದಿ ಏನಂತ ತಿಳೀತಾರ? ಆ ರೋಗ ಅಂತಾರ. ಮೌನವ್ರತ ಅಂತ ಹೇಳೋಣ. ವ್ರತ ಅಂದ್ರ ಯಾರೂ ಬಾಯಿ ತಗಿಯೂದಿಲ್ಲ." ನಾನು ಬೇಡವೆಂದು ತಲೆ ಆಡಿಸುವ ಮೊದಲೇ ಅವರು ಬೀದಿಗಿಳಿದಿದ್ದರು.

ಮೊದಲು ಬಂದವರು ಅಡತಿ ಅಂಗಡಿಯ ವೀರಭದ್ರಪ್ಪ, ರೈತರ ಹತ್ತಿಯನ್ನು ಪೇಟೆಯಲ್ಲಿ ಮಾರಿಸಿಕೊಡುವ, ತಾನೂ ಕೊಂಡಿಡುವ ಸಾವುಕಾರ. ದಿನಾ ಮಧ್ಯಾಹ್ನ ಅವರ ಅಂಗಡಿಯಲ್ಲೇ ನಾನು ದರ ಕೇಳುತ್ತಿದ್ದೆ. ಆಗ ಅವರು ಕೂರೆಂದದ್ದು ನೆನಪಿಲ್ಲ. ಈಗ ತೆಂಗಿನಕಾಯಿ, ಬಾಳೆಹಣ್ಣು, ಹಚ್ಚಿದ ಊದುಬತ್ತಿ ಹಿಡಿದು, ಚಪ್ಪಲಿ ಬೀದಿಯಲ್ಲೇ ಬಿಟ್ಟು ಬಂದು ಕಟ್ಟೆಯ ಕೆಳಗೆ ನಿಂತರು.

"ರಾಯರ, ನೀವು ಪೇಟಿ ಬಲ್ಲವರು. ಈಗ ವ್ರತಾನೂ ಹಿಡದೀರಿ. ಒಂದ ಮಾತು... ಮಾತು ಬ್ಯಾಡ್ರಿ, ಒಂದು ಸನ್ನಿ ಮಾಡ್ರಿ ಸಾಕು. ಗೋದಾಮಿನ್ಯಾಗ ಹತ್ತಿ ಅಂಡಿಗಿ ಬಿದ್ದಾವ. ಈಗ ಕೊಟ್ಟುಬಿಡಲೇನು?"

ಊದುಬತ್ತಿಯ ಹೊಗೆ ಗಂಟಲಿಗೆ ಹೋಗಿ ಕೆರೆತ ಬಂತು. ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಗದ್ದ ಎದೆಗಿಳಿಸಿ, ನಿಧಾನವಾಗಿ ಉಗುಳು ನುಂಗಿದೆ.

"ಕೊಡು ಅಂದ" ಎಂದರು ಮಾವ.

ಸಾವುಕಾರರು ಮಾರಿದರು. ಮುಂದಿನ ವಾರ ದರ ಇಳಿಯಿತು. ಆ ದಿನಗಳಲ್ಲಿ ಎಲ್ಲ ಹಳ್ಳಿಗಳ ಮಾಲು ಒಟ್ಟಿಗೆ ಪೇಟೆಗೆ ಬರುತ್ತದೆ, ಪ್ರತಿ ವರ್ಷ ಹೀಗೇ ಇಳಿಯುತ್ತದೆ. ಪ್ರತಿ ವರ್ಷ ನಾನು ಅದನ್ನು ಪತ್ರಿಕೆಯಲ್ಲಿ ಬರೆಯುತ್ತೇನೆ. ವೀರಭದ್ರಪ್ಪ ಆ ಪತ್ರಿಕೆಯ ಚಂದಾದಾರರು. ಬರೆದಾಗ ನಂಬದವರು ಉಗುಳು ನುಂಗಿದಾಗ ನಂಬಿದರು.

ಆಮೇಲೆ ಜನ ಬರತೊಡಗಿದರು. ಹತ್ತಿ ಇಟ್ಟವರು, ಹೆಣ್ಣು ನೋಡಹೊರಟವರು, ವರ್ಗಾವಣೆ ಬೇಕಾದ ಗುಮಾಸ್ತರು. ಮಾವ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಅರ್ಥ ಹೇಳಿದರು. ಗದ್ದ ಇಳಿದರೆ ಆಗಲಿ ಎಂದು, ಎರಡು ಸಲ ಇಳಿದರೆ ಆಗಲಿ ಆದರೆ ತಡೆದು ಎಂದು. ಪೆದ್ದಕಡುಬೂರಿನ ಒಬ್ಬ ರೈತ ಎಮ್ಮೆ ಕಳೆದುಕೊಂಡು ಬಂದ. ನಾನು ನುಂಗುವಾಗ ಮುಖ ಉತ್ತರಕ್ಕಿತ್ತು. ಎಮ್ಮೆ ಸಿಕ್ಕಿತು ಎಂದು ಊರೆಲ್ಲ ಹೇಳಿತು. ಎಲ್ಲಿ ಸಿಕ್ಕಿತೆಂದು ಯಾರೂ ಕೇಳಲಿಲ್ಲ. ನಾನು ಸ್ಲೇಟಿನಲ್ಲಿ ಬರೆದು ಕೇಳಿದೆ. ಪಕ್ಕದ ಹೊಲದಲ್ಲಿ, ತೆಂಕಣ ದಿಕ್ಕಿಗೆ.

ಅದೇ ಸ್ಲೇಟಿನಲ್ಲಿ ದೊಡ್ಡ ಅಕ್ಷರದಲ್ಲಿ 'ಇದು ವ್ರತವಲ್ಲ, ಕಾಯಿಲೆ' ಎಂದು ಬರೆದು ವೀರಭದ್ರಪ್ಪನವರ ಮುಂದೆ ಹಿಡಿದೆ. ಅವರು ಓದಿದರು. ಸ್ಲೇಟನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಎಷ್ಟು ವಿನಯ ನೋಡ್ರಿ!" ಎಂದರು.

ಪದ್ಮಾ ಒಳಗಿನಿಂದ ಗಟ್ಟಿಯಾಗಿ ಅಂದಳು: "ಈ ಬಾಳಿಹಣ್ಣು ಯಾರು ತಿನ್ನಬೇಕ್ರಿ? ಆಕಳಿಗೆ ಹಾಕಿ ಹಾಕಿ ಅದೂ ಮುಖ ತಿರುವ್ಯದ. ಇನ್ನ ಮ್ಯಾಲೆ ಬರೋರು ಒಂದೀಟು ಹತ್ತಿಕಾಳರೆ ತರ್ರಿ."

ಯುಗಾದಿ ಹತ್ತಿರವಾಗುತ್ತಿತ್ತು. ಜನ ನಮಸ್ಕಾರ ಮಾಡುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಆ ದಿನದೊಳಗೆ ದರ ಓದದಿದ್ದರೆ ಗೋನೆಗಂಡ್ಲದ ಲಾಯರು ಓದುತ್ತಾನೆ, ತಪ್ಪು ಓದುತ್ತಾನೆ, ಅದು ಅಚ್ಚಾಗುತ್ತದೆ.

ಕಮಲಾಕ್ಷಿ ಒಂದು ಬುಧವಾರ ಬಾಯಿ ತೆರೆಯಲು ಅನುಮತಿ ಕೊಟ್ಟರು. ತೆರೆಯಲು ಅಂದರೆ ಮುಚ್ಚಿಕೊಂಡೇ 'ಮ್' ಎನ್ನಲು. ಹೊಟ್ಟೆಯ ಮೇಲೆ ಅಂಗೈ ಇಟ್ಟು, ಉಸಿರು ಅಲ್ಲಿಂದ ಏಳುವ ಹಾಗೆ, ತುಟಿ ಜುಮ್ಮೆನ್ನುವ ಹಾಗೆ. ನನ್ನ ದನಿ ಮರಳಿ ಬಂದಾಗ ಅದು ನನ್ನದೆನಿಸಲಿಲ್ಲ. ತಗ್ಗಿನಲ್ಲಿತ್ತು, ಸಣ್ಣದಿತ್ತು. ನಾನು ಅದಕ್ಕೆ ನಾಚಿದೆ. ಮನೆಯಲ್ಲಿ ಪದ್ಮಾ ಒರಳಿನಲ್ಲಿ ದೋಸೆ ಹಿಟ್ಟು ರುಬ್ಬುವಾಗ ಪಕ್ಕದಲ್ಲಿ ಕೂತು, ಒರಳಿನ ಸದ್ದಿನಲ್ಲಿ ಬೆರೆಸಿ 'ಮ್' ಅನ್ನುತ್ತಿದ್ದೆ, ಕಟ್ಟೆಯವರಿಗೆ ಕೇಳದಿರಲೆಂದು. ಅವಳು ಹಿಟ್ಟು ನುಣ್ಣಗಾದ ಮೇಲೂ ತಿರುವುತ್ತಿದ್ದಳು.

ಕೊನೆಯ ಪಾಠಗಳಲ್ಲಿ ದರ ಓದಿಸಿದರು. ನಾನು ಓದಿದೆ. ಕತ್ತು ಮುಂದೆ ಹೋಯಿತು.

"ದೂರದ ಊರಿಗೆ ಓದಬೇಡಿ. ಫೋನಿಗೆ ಓದಿ" ಎಂದರು. "ಫೋನು ನಿಮ್ಮ ಬಾಯಿಂದ ಎಷ್ಟು ದೂರ ಇರುತ್ತೆ?"

"ಎರಡು ಬೆರಳು."

"ಅಷ್ಟು ದೂರಕ್ಕೆ ಎಷ್ಟು ದನಿ ಬೇಕೋ ಅಷ್ಟು. ಮಿಕ್ಕಿದ್ದನ್ನ ತಂತಿ ನೋಡ್ಕೊಳ್ಳುತ್ತೆ. ಅದರ ಕೆಲಸ ನೀವು ಯಾಕೆ ಮಾಡ್ತೀರ?"

ಹೀಗೆ ನಾನು ತಂತಿಯ ಕೆಲಸವನ್ನು ಇಷ್ಟು ವರ್ಷ ಪುಕ್ಕಟೆ ಮಾಡಿದ್ದೆ.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ನಾನು ಚಪ್ಪಲಿ ಮೆಟ್ಟಿದಾಗ ಶ್ರೀಪಾದಮಾವ ಅಡ್ಡ ಬಂದರು. "ಈ ಹಂಗಾಮು ಮುಗಿಯೂ ಮಟ ಸುಮ್ಮನಿರು ವೆಂಕೋಬಾ. ಸಾವ್ಕಾರ ಉಳದ ಮಾಲಿನ ಬಗ್ಗೆ ಕೇಳಾಕ ಬರ್ತಾನ. ಮಂದಿ ನಂಬಿಕಿ ಮುರೀಬಾರದು."

"ಮಾವ, ನನಗ ಕೆಲಸ ಅದ" ಎಂದೆ, ಕಲಿತ ದನಿಯಲ್ಲಿ.

"ಏನಂದಿ? ಕೇಳಲಿಲ್ಲ. ಜೋರಾಗಿ ಹೇಳು."

ನಾನು ಜೋರಾಗಿ ಹೇಳಲಿಲ್ಲ. ಪದ್ಮಾಳ ಜೊತೆ ಹೊರಟೆ.

ಸುದ್ದಿ ನಮಗಿಂತ ಮೊದಲೇ ಅಂಚೆ ಕಚೇರಿ ತಲುಪಿತ್ತು. ವೀರಭದ್ರಪ್ಪ ಟ್ರಂಕ್ ಕಾಲ್ ಪೆಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ಕೈ ಮುಗಿದು ನಿಂತಿದ್ದರು. "ವ್ರತ ಮುರೀಬ್ಯಾಡ್ರಿ ರಾಯರ. ಬೇಕಾದ್ರ ನಿಮ್ಮ ರೇಟು ನಾನ ಓದ್ತೀನಿ."

"ನೀವು ಓದಿದ್ರ ನಿಮ್ಮ ರೇಟು ಆಗ್ತದ ಸಾವ್ಕಾರ್ರ" ಎಂದಳು ಪದ್ಮಾ. "ಬಾಗಿಲ ಬಿಡ್ರಿ."

ಟ್ರಂಕ್ ಕಾಲ್ ಸಿಕ್ಕಿತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಮೊದಲ ಸಾಲು ಓದಿದೆ.

"ಯಾರ್ರಿ? ಜೋರಾಗಿ ಮಾತಾಡ್ರಿ!" ಎಂದ ಉಪಸಂಪಾದಕ.

ಅದೇ ದನಿಯಲ್ಲಿ ಮತ್ತೆ ಓದಿದೆ.

"ಏನ್ರಿ ಇದು, ಹೆಣ ಮಾತಾಡಿದಂಗ! ಇಷ್ಟ ಆದ್ರ ಲಾಯರ್ ಸಾಹೇಬ್ರಿಗೇ ಹೇಳ್ತೀವಿ ಬಿಡ್ರಿ."

ಭುಜ ಏರಿತು. ಕತ್ತು ಮುಂದೆ ಹೋಯಿತು. ಎದೆಯಲ್ಲಿ ಹಳೆಯ ಕೂಗು ತಯಾರಾಗಿ ಕೂತಿತ್ತು. ಪೆಟ್ಟಿಗೆಯ ಗಾಜಿಗೆ ಪದ್ಮಾಳ ಬಳೆ ಎರಡು ಸಲ ಬಡಿಯಿತು. ಅವಳು ತನ್ನ ಗದ್ದವನ್ನು ಎದೆಗೆ ಇಳಿಸಿ ತೋರಿಸಿದಳು. ನಾನು ಗದ್ದ ಇಳಿಸಿ ಉಗುಳು ನುಂಗಿದೆ. ಹೊರಗೆ ವೀರಭದ್ರಪ್ಪ ಥಟ್ಟನೆ ಕೈ ಮುಗಿದರು.

ಮೂರನೆಯ ಸಲ, ಅದೇ ದನಿಯಲ್ಲಿ, ಮೊದಲ ಸಾಲಿನಿಂದ ಓದಿದೆ. ಆಗ ಲೈನಿನ ನಡುವೆ ಎಕ್ಸ್‌ಚೇಂಜಿನ ಆಪರೇಟರ್ ಬಾಯಿ ಹಾಕಿದಳು: "ಸಾರ್, ನಾಕು ಕ್ಲಿಯರ್‌ಗಾ ವಿನಪಡ್ತೋಂದಿ. ಮೀ ದಗ್ಗರ ಏದೋ ಫ್ಯಾನು ತಿರುಗ್ತೋಂದಿ, ಅದಿ ಆಪಂಡಿ." ತನಗೆ ಸ್ಪಷ್ಟವಾಗಿ ಕೇಳುತ್ತಿದೆ, ನಿಮ್ಮ ಹತ್ತಿರದ ಫ್ಯಾನು ನಿಲ್ಲಿಸಿ ಎಂದು. ಉಪಸಂಪಾದಕನಿಗೆ ತೆಲುಗು ಬರದು, ಆದರೆ ಫ್ಯಾನು ಎಂಬುದು ತಿಳಿಯಿತು. ಏನೋ ಕಿರುಗುಟ್ಟಿ ನಿಂತಿತು.

"ಹಾಂ. ಹೇಳ್ರಿ" ಎಂದ.

ಅಷ್ಟು ವರ್ಷ ನಾನು ಗಂಟಲು ಹರಿದುಕೊಂಡದ್ದು ಒಂದು ಮೇಜಿನ ಫ್ಯಾನಿನ ಜೊತೆ ಪೈಪೋಟಿಗೆ. ಆ ಫ್ಯಾನಿನ ಮುಂದೆ ಕೂತವನಿಗೆ ಅದನ್ನು ಆರಿಸಬಹುದೆಂದು ಹೊಳೆದಿರಲಿಲ್ಲ. ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ.

ದರ ಪೂರ್ತಿ ಓದಿದೆ. ಯುಗಾದಿಯ ಪತ್ರಿಕೆಯಲ್ಲಿ ಆದೋನಿ ದರ ತಪ್ಪಿಲ್ಲದೆ ಬಂದಿತ್ತು. ಬೇವು ಬೆಲ್ಲ ತಿಂದು ನಾನು ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗುವವರೆಲ್ಲರ ಜೊತೆ ತಗ್ಗು ದನಿಯಲ್ಲಿ ಮಾತಾಡಿದೆ. ಯಾರೂ ಕಾಯಿ ತರಲಿಲ್ಲ. ರಾಯರಿಗೆ ಇದ್ದ ಶಕ್ತಿ ಬಾಯಿ ತೆರೆದ ಕೂಡಲೇ ಹೋಯಿತು ಎಂದು ವೀರಭದ್ರಪ್ಪ ಪೇಟೆಯಲ್ಲಿ ಹೇಳಿದರು. ಉಳಿದ ಮಾಲನ್ನು ಯಾವಾಗ ಮಾರಬೇಕೆಂದು ನಾನು ಆ ವಾರ ಪತ್ರಿಕೆಯಲ್ಲಿ ಬರೆದಿದ್ದೆ. ಅವರು ಬೇರೆ ವಾರ ಮಾರಿದರು.

ದನಿ ಹೋದವರಿಗೆ ಹೇಳುವುದು ಇಷ್ಟು. ಹೆದರಿಕೆ ಆಗುತ್ತದೆ, ರಾತ್ರಿಗಿಂತ ಊಟದ ಹೊತ್ತಿನಲ್ಲಿ ಹೆಚ್ಚು, ನುಂಗುವಾಗ. ಪಿಸುಗುಟ್ಟಬೇಡಿ, ಕ್ಯಾಕರಿಸಬೇಡಿ. ಊರವರನ್ನು ಕೇಳಬೇಡಿ, ಕೇಳದಿದ್ದರೂ ಅವರು ಹೇಳುತ್ತಾರೆ. ಕನ್ನಡಿ ಇಟ್ಟು ನೋಡಬಲ್ಲವರ ಹತ್ತಿರ ಬೇಗ ಹೋಗಿ. ಅವರು ನಿಮ್ಮ ಮುಖ ನೋಡದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಮೊದಲ ಪಾಠದಿಂದ ಶುರು ಮಾಡಿಸುವವರು ಸಿಕ್ಕರೆ, ಅವರು ಒರಟಾಗಿದ್ದರೂ, ಬಿಡಬೇಡಿ.

ಕಳೆದ ತಿಂಗಳು, 1987ರ ಮಾಘದಲ್ಲಿ, ಬಳ್ಳಾರಿಯಲ್ಲಿ ಮತ್ತೆ ಕನ್ನಡಿ ಇಟ್ಟು ನೋಡಿದರು. ಎಡಗಡೆ ಗಂಟು ಇಲ್ಲ. ಬಲಗಡೆಯದು ಸಾಸಿವೆ ಕಾಳಿನಷ್ಟು ಉಳಿದಿದೆ. ಕಮಲಾಕ್ಷಿ ಮೈಸೂರಿಗೆ ಹೋಗಿದ್ದಾರೆ. ಗೋನೆಗಂಡ್ಲದ ಲಾಯರಿಗೆ ಸಂಕ್ರಾಂತಿಯಿಂದ ದನಿ ಇಲ್ಲ, ಶ್ರೀಪಾದಮಾವ ಅವರಿಗೆ ಪಿಸುಗುಟ್ಟಲು ಹೇಳಿದ್ದಾರೆ. ನಿನ್ನೆಯ ಹತ್ತಿ ದರ ಇಂದಿನ ಪತ್ರಿಕೆಯ ಐದನೇ ಪುಟದಲ್ಲಿದೆ.